ಬಿಟ್ಟ ಪ್ರಶ್ನೆಗಳನ್ನು ಓದುವ ಖುರ್ಷೀದಾ

ಶಿವಾಜಿನಗರದ ಬಸ್ಸುಗಳು ಆಗಷ್ಟೇ ಹೊಗೆ ಉಗುಳಲು ಶುರುಮಾಡಿವೆ. ಹಾಸಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಖುರ್ಷೀದಾ ಕಿಟಕಿಯನ್ನು ಪೂರ್ತಿ ತೆರೆದಿಡುತ್ತಾರೆ. "ಮಿಸ್, ಗಲಾಟೆ" ಎಂದು ಗೊಣಗುತ್ತಾಳೆ, ನೆಲದ ಮೇಲೆ ಕೂತು ಪರೀಕ್ಷೆ ಬರೆಯುತ್ತಿರುವ ಗುಲ್ಷನ್.

"ಸಿಇಟಿ ದಿನ ನಿನಗೋಸ್ಕರ ಬಸ್ ನಿಲ್ಲಿಸ್ತಾರಾ? ಬರಿ."

ಎಂಟಕ್ಕೆ ಹೊಲಿಗೆಯವರು ಬಂದರೆ ಕೋಣೆ ಅವರದು. ಅಷ್ಟರೊಳಗೆ ಖುರ್ಷೀದಾ ಹೇಳಿಬಿಡಬೇಕು: ಅವತ್ತು ಕೇಳಲು ಬಂದ ಮಗುವಿಗೆ ಸರ್ಕಾರಿ ಮೆಡಿಕಲ್ ಸೀಟು ಸಿಗುತ್ತದೋ ಇಲ್ಲವೋ. ಹಗಲೆಲ್ಲ ಅವರು ಖಾಸಗಿ ಶಾಲೆಯೊಂದರ ವಿಜ್ಞಾನ ಟೀಚರ್. ಹದಿನಾಲ್ಕು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ. ಬೆಳಗಿನ ಈ ಕೆಲಸಕ್ಕೆ ಬೋರ್ಡೂ ಇಲ್ಲ. ರಿಚರ್ಡ್ಸ್ ಟೌನಿನಿಂದ ಕೆ.ಆರ್. ಪುರದವರೆಗೆ ಬಾಯಿಂದ ಬಾಯಿಗೆ ಹಬ್ಬಿದ ಹೆಸರಷ್ಟೇ. ಕಳೆದ ವರ್ಷ ಇಂದಿರಾನಗರದ ತಂದೆಯೊಬ್ಬರು "ಸೀಟು ಕಷ್ಟ" ಎಂಬ ಮಾತು ಕೇಳಿ ಕುರ್ಚಿ ಒದ್ದು ಹೋದರು. ಅದರ ಮುರಿದ ಕಾಲಿಗೆ ಹಗ್ಗ ಸುತ್ತಿ ಖುರ್ಷೀದಾ ಈಗಲೂ ಅದರಲ್ಲೇ ಕೂರುತ್ತಾರೆ.

ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಬರೆಸುತ್ತಾರೆ. ಸರಿಯುತ್ತರ ಎಣಿಸುವುದು ಆಮೇಲೆ. ಮೊದಲು ನೋಡುವುದು ಬಿಟ್ಟ ಪ್ರಶ್ನೆಗಳನ್ನು. "ತಪ್ಪು ಬರೆದವರನ್ನ ತಿದ್ದಬಹುದು. ಗೊತ್ತಿಲ್ಲದೆ ಬಿಟ್ಟವರಿಗೆ ಓದಿಸಬಹುದು. ಗೊತ್ತಿದ್ದೂ ಹೆದರಿ ಬಿಡ್ತಾರಲ್ಲ, ಅವರದೇ ತಲೆನೋವು."

2003ರ ಈ ಜೂನ್ ಬೆಳಿಗ್ಗೆಯ ತಲೆನೋವು ಕಾವೇರಿ. ಅಪ್ಪ ಅಮರಪ್ಪ ರಾಯಚೂರು ಕಡೆಯವರು, ಕೆ.ಆರ್. ಪುರದ ಗೋದಾಮೊಂದರ ವಾಚ್‌ಮನ್. ಈ ಸಲ ಮಗಳಿಗೆ ಸೀಟು ಸ್ವಲ್ಪದರಲ್ಲಿ ತಪ್ಪಿದೆ. ಇನ್ನೊಂದು ವರ್ಷ ಓದಿ ಮತ್ತೆ ಬರೆಯಬೇಕೋ, ಬಿ.ಎಸ್ಸಿ ಸೇರಬೇಕೋ? ಬಿ.ಎಸ್ಸಿಗೆ ಇವತ್ತೇ ಕೊನೆ ದಿನ. ರಾತ್ರಿ ಪಾಳಿ ಮುಗಿಸಿ ನೇರ ಬಂದ ಅಮರಪ್ಪ ಬಾಗಿಲಿಗೆ ಒರಗಿ ನಿಂತಿದ್ದಾರೆ.

"ಏನ್ರಿ ಟೀಚರ್, ನಮ್ಮ ಹುಡುಗಿಗಿ ಸೀಟ್ ಬರ್ತದೇನ್ರಿ?"

ಖುರ್ಷೀದಾ ಅವಳು ಈಗಷ್ಟೇ ಬರೆದುಕೊಟ್ಟ ಕಾಗದವನ್ನು ತಿರುವುತ್ತಾರೆ. ಕಾವೇರಿ ಬಿಟ್ಟ ಪ್ರಶ್ನೆಗಳೆಲ್ಲ ರಕ್ತಪರಿಚಲನೆಯವು. ಹೋದ ವಾರವಷ್ಟೇ ಅವಳು ಇದೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೃದಯ ಬರೆದು ಗುಲ್ಷನ್‌ಗೆ ಈ ಪಾಠ ಹೇಳಿಕೊಟ್ಟಿದ್ದಳು. ಇದು ಹೆದರಿಕೆಯಲ್ಲ.

ಕಾಗದದಲ್ಲಿ ಇದ್ದಂತೆ "ಕಷ್ಟ" ಎಂದುಬಿಟ್ಟರೆ ಅಪ್ಪ-ಮಗಳು ಬಿ.ಎಸ್ಸಿ ಕ್ಯೂಗೆ ಹೋಗುತ್ತಾರೆ, ಡಾಕ್ಟರ್ ಓದಿನ ಮಾತು ಅಲ್ಲಿಗೆ ಮುಗಿಯುತ್ತದೆ. ಹುಡುಗಿ ಹೂಡಿರುವ ಆಟವೂ ಅದೇ.

"ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ಯಾವುದರಲ್ಲಿ ಬರುತ್ತೆ?" ಅಪ್ಪನ ಎದುರೇ ಕೇಳುತ್ತಾರೆ.

ಕಾವೇರಿ ಪೆನ್ನಿಗೆ ಮುಚ್ಚಳ ಹಾಕುತ್ತಾಳೆ.

"ಪಲ್ಮನರಿ ವೇನ್!" ಗುಲ್ಷನ್‌ಗೆ ತಡೆಯಲಾಗುವುದಿಲ್ಲ. "ಇವಳೇ ಹೇಳ್ಕೊಟ್ಟಿದ್ದು ಮಿಸ್."

"ಬಾಯ್ಮುಚ್ಚೇ ಚಾಡಿಕೋರಿ" ಎಂದು ಕಾವೇರಿ ಸಿಡುಕುತ್ತಾಳೆ.

"ಯಾಕೆ ಬಿಟ್ಟೆ?" ಖುರ್ಷೀದಾ ಬಿಡುವವರಲ್ಲ.

"ಇನ್ನೊಂದ್ ವರ್ಷ ಅಂದ್ರೆ ದುಡ್ಡಿಗೆ ಅಪ್ಪ ಹಗಲೂ ಡ್ಯೂಟಿ ಮಾಡ್ತಾನೆ ಮಿಸ್. ಈಗ್ಲೇ ನಿಂತಲ್ಲೇ ನಿದ್ದೆ ಹೊಡೀತಾನೆ. ನೋಡಿ."

ಅಮರಪ್ಪ ಬೆಚ್ಚಿ ನೆಟ್ಟಗಾಗುತ್ತಾರೆ. "ಯಾರ್ ನಿದ್ದಿ ಮಾಡ್ಯಾರ? ಕಣ್ಣು ಮುಚ್ಚಿದ್ದೆ ಅಷ್ಟ. ನನ್ನ ಡ್ಯೂಟಿ ಉಸಾಬರಿ ನಿನಗ್ಯಾಕ? ಟೀಚರ್, ನೀವು ಹೇಳ್ರಿ."

"ಇವನ್ನೆಲ್ಲ ಬರೆದಿದ್ರೂ ಅರ್ಧಕ್ಕರ್ಧ, ಅಮರಪ್ಪನವರೇ. ಸಿಗಬಹುದು, ಸಿಗದೇನೂ ಇರಬಹುದು. ಫಿಸಿಕ್ಸ್ ಇನ್ನೂ ವೀಕು."

"ಮಳಿ ಹೇಳೋ ರೇಡಿಯೋದವರೂ ಹಿಂಗ ಹೇಳ್ತಾರ್ರಿ." ಗುಲ್ಷನ್ ಒಬ್ಬಳೇ ನಗುತ್ತಾಳೆ. ಅಮರಪ್ಪ ಮಗಳತ್ತ ತಿರುಗುತ್ತಾರೆ. "ನನ್ನ ಮಾತು ಬಿಡು. ನಿನಗ ಬೇಕೋ ಬ್ಯಾಡೋ?"

ಹೊಲಿಗೆಯವರ ಚಪ್ಪಲಿ ಸದ್ದು ಮೆಟ್ಟಿಲೇರುತ್ತಿದೆ. ಕಾವೇರಿ ಮಿಸ್ ಕೈಯಿಂದ ತನ್ನ ಕಾಗದ ಕಿತ್ತುಕೊಳ್ಳುತ್ತಾಳೆ.

"ಬೇಕು" ಅನ್ನುತ್ತಾಳೆ ಕೊನೆಗೆ, ಜಗಳಕ್ಕೆ ನಿಂತವಳ ಹಾಗೆ.

"ಹಂಗಾದ್ರ ನಾ ಮನೀಗಿ ಹೋಗಿ ಮಲಗ್ತೀನಿ" ಎಂದು ಅಮರಪ್ಪ ಇಳಿದು ಹೋಗುತ್ತಾರೆ. ಬಿ.ಎಸ್ಸಿ ಕ್ಯೂ ಕಡೆಗೆ ಯಾರೂ ಹೋಗುವುದಿಲ್ಲ.

ಚಾಪೆ ಸುತ್ತಿ ಕೋಣೆ ಬಿಟ್ಟುಕೊಡುವ ಖುರ್ಷೀದಾ ಮುಖದಲ್ಲಿ ನಿರಾಳವೇನೂ ಇಲ್ಲ. "ಸೀಟು ಸಿಗದಿದ್ರೆ ಅಮರಪ್ಪನವರು ನನ್ನನ್ನೇ ಕೇಳಬೇಕು. ಕೇಳಲಿ. ಮುಂದಿನ ಜೂನ್‌ನಲ್ಲೂ ನಾನು ಇಲ್ಲೇ ಸಿಗ್ತೀನಿ."