ಹಸಿ ಬೂದಿ

ರಾಯಚೂರಿನ ಆ ಸ್ಮಶಾನದಲ್ಲಿ ಮೌನಪ್ಪನದು ಇಪ್ಪತ್ತೆರಡು ವರ್ಷದ ಕೆಲಸ. ದೇವದುರ್ಗದ ಕಡೆಯವನು. ಸುಡುವುದಕ್ಕಿಂತ ಆಮೇಲಿನ ಕೆಲಸಕ್ಕೇ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮೂರನೆಯ ದಿನ ಹಾಲು, ನೀರು ಚಿಮುಕಿಸಿ, ಎಲುಬು ಆಯ್ದು ಮಡಕೆಗೆ ತುಂಬುವಾಗ ಅವನ ಕೈ ಕೂಸಿಗೆ ಎರೆಯುವ ಮುದುಕಿಯ ಕೈಯಾಗುತ್ತಿತ್ತು. ಉರಿ ಆರಿದರೂ ಸತ್ತವರಿಗೆ ಸೆಕೆ ಬಿಟ್ಟಿರುವುದಿಲ್ಲ ಎಂದು ಅವನು ನಂಬಿದ್ದ.

ಮಾನ್ವಿಯ ನಿವೃತ್ತ ಟೀಚರ್ ಸುನಂದಾ ಅವರನ್ನು ತಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಮಗಳು ಸ್ವಪ್ನಾ ಐರ್ಲೆಂಡಿನಲ್ಲಿ ನರ್ಸು. ಚಿತೆ ಕಟ್ಟುವ ಮೊದಲೇ ಅವಳು ಮೌನಪ್ಪನನ್ನು ಬದಿಗೆ ಕರೆದಳು.

"ಕಾಕಾ, ಬೂದಿ ನನ್ನ ಜೋಡಿ ವಿಮಾನದಾಗ ಹೋಗಬೇಕು. ನಾಳೆ ಮಧ್ಯಾಹ್ನ ಮೂರಕ್ಕ ಹೈದರಾಬಾದಿಗೆ ಗಾಡಿ. ಹಸಿ ಇದ್ರ ನಡಿಯಂಗಿಲ್ಲ. ಒಂದು ಹನಿ ನೀರೂ ಬೀಳಬಾರದು."

"ಯಾರಿಗವ್ವಾ, ಅಷ್ಟು ದೂರ?"

"ನನ್ನ ಮಗಳಿಗೆ. ಹುಟ್ಟಿದ ಒಂಬತ್ತು ದಿನಕ್ಕ ಹೋದ್ಲು. ಅಲ್ಲೇ ಮಣ್ಣು ಮಾಡೀವಿ. 'ಕೂಸು ಒಂಟಿ ಅದ, ನನ್ನ ಒಂದೀಟು ಅದರ ಮಗ್ಗಲಿಗೆ ಇಡು' ಅಂದಿದ್ಲು ನಮ್ಮವ್ವ."

ಸುನಂದಾ ಅವರ ತಂಗಿ ಗೋಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಲು ನೀರು ಇಲ್ದ ಹೆಂಗ? ನಮ್ಮಕ್ಕ ಉರಕೋತ ವಿಮಾನ ಹತ್ತಬೇಕೇನು?"

"ವಿಮಾನದಾಗ ಎ.ಸಿ. ಇರ್ತದ ಬಿಡು, ಚಿಗವ್ವ," ಎಂದ ಸ್ವಪ್ನಾ ನಗಲು ಹೋಗಿ ಅತ್ತುಬಿಟ್ಟಳು.

ಮೌನಪ್ಪ ಕಾಲುಂಗುರ, ಸೀರೆಯ ಪಿನ್ನು, ಎಲ್ಲ ಲೋಹ ತೆಗೆಸಿದ. ತಳದಲ್ಲಿ ದಪ್ಪ ಕಟ್ಟಿಗೆ, ಮೇಲೆ ಸಣ್ಣವು, ನಡುವೆ ಗಾಳಿಯಾಡಲು ಸಂದು. ಉರಿ ಚೆನ್ನಾಗಿ ಹತ್ತಿತು.

ಮರುದಿನ ಬೆಳಿಗ್ಗೆ ಕಬ್ಬಿಣದ ಕೊಕ್ಕೆಯಿಂದ ಬೂದಿ ಕೆದರಿದ. ಎದೆಯ ಕಡೆ ಇನ್ನೂ ಕೆಂಡವಿತ್ತು. ಗಾಳಿ ತಾಗಿ ಅದು ಉಸಿರಾಡಿದಂತೆ ಕೆಂಪಾಯಿತು. "ಸ್ವಲ್ಪ ತಡಕೋರಿ, ಟೀಚರವ್ವ" ಎನ್ನುತ್ತ ಮೌನಪ್ಪ ನೀರಿನ ತಂಬಿಗೆ ಎತ್ತಿ ಸುರಿದೇಬಿಟ್ಟ. ಚುಂಯ್ ಎಂದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಇಪ್ಪತ್ತೆರಡು ವರ್ಷದ ರೂಢಿ, ಯಾರನ್ನೂ ಕೇಳದೆ ಕೈಗೆ ಬಂದಿತ್ತು.

ಸುತ್ತ ಯಾರೂ ಇರಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಮೊನ್ನೆ ಸುಟ್ಟ ಗಂಡಸೊಬ್ಬನ ಬೂದಿ ಒಣಗಿ ಬೆಳ್ಳಗೆ ಕೂತಿತ್ತು. ಬೂದಿಗೆ ಮುಖವಿಲ್ಲ. ಎರಡು ಬೊಗಸೆ ತುಂಬಿ ಕೊಟ್ಟರೆ ಸ್ವಪ್ನಾಗೆ ತಿಳಿಯುವುದಿಲ್ಲ, ವಿಮಾನದವರಿಗಂತೂ ತಿಳಿಯುವುದಿಲ್ಲ. ಅವನು ಅಲ್ಲಿಯವರೆಗೆ ಹೋದ, ಕುಕ್ಕರಗಾಲಲ್ಲಿ ಕೂತ, ಕೈಯನ್ನೂ ಚಾಚಿದ. ಒಂಬತ್ತು ದಿನದ ಕೂಸಿನ ಮಗ್ಗುಲಿಗೆ ಯಾರೋ ಗುರುತಿಲ್ಲದ ಗಂಡಸು ಹೋಗಿ ಮಲಗಿದಂತೆ ಅವನ ಕಣ್ಣಿಗೆ ಕಂಡಿತು. ಎದ್ದು ಬಂದ.

ಸ್ವಪ್ನಾ ಬಂದಾಗ ಅವನು ಗೋಡೆಯ ಮರೆಯಲ್ಲಿ ತಗಡು ಹಾಸಿ, ಹಸಿ ಬೂದಿಯನ್ನು ತೆಳುವಾಗಿ ಹರವಿ, ಗಾಳಿಗೆ ಹಾರದಂತೆ ತನ್ನ ಬದಲಿ ಧೋತ್ರ ಹೊದಿಸಿದ್ದ.

"ತಪ್ಪಾಗ್ಯದವ್ವಾ. ನೀರು ಹಾಕಿಬಿಟ್ಟೆ."

ಸ್ವಪ್ನಾ ಧೋತ್ರದ ಅಂಚು ಎತ್ತಿ ಬೂದಿ ಮುಟ್ಟಿ ನೋಡಿದಳು. "ಎಷ್ಟು ಸಲ ಹೇಳಿದ್ದೆ ಕಾಕಾ ನಿಮಗ," ಎಂದಳು.

ಗೋಪಮ್ಮ ಮಾತ್ರ, "ಚಲೋ ಆತು. ನಮ್ಮಕ್ಕಗ ಬಾಯಾರಿತ್ತು," ಅಂದಳು.

ಧೋತ್ರ ಸರಿಸಿ, ಮೂವರೂ ಗಾಳಿಗೆ ಅಡ್ಡವಾಗಿ ತಗಡಿನ ಸುತ್ತ ಕೂತರು. ಬಿಸಿಲು ಏರಿದಂತೆ ಅಂಚಿನ ಬೂದಿ ಬಿಳುಪಾಯಿತು, ನಡುವಿನದು ಮಣ್ಣಿನ ಬಣ್ಣದಲ್ಲೇ ಉಳಿಯಿತು. ಮೂರು ಗಂಟೆಗೆ ಗಾಡಿಯವನು ಹಾರ್ನ್ ಹೊಡೆದ.

"ಒಣಗ್ಯದೇನು ಕಾಕಾ?"

ಹೂಂ ಅಂದರೆ ಮುಗಿಯುತ್ತಿತ್ತು. "ಎಲ್ಲಾ ಇಲ್ಲವ್ವ. ಅಂಚಿಂದು ಅಷ್ಟ. ಒಂದು ಬೊಗಸಿ ಆದೀತು."

"ಅವ್ವ ಕೇಳಿದ್ದೂ ಒಂದೀಟು." ಸ್ವಪ್ನಾ ಮರದ ಡಬ್ಬಿ ತೆರೆದಳು. ಅವನು ಜರಡಿ ಹಿಡಿದು, ತಿರುತಿರುಗಿ ಬೆರಳಿಂದ ಮುಟ್ಟಿ ನೋಡಿ ತುಂಬಿದ. ಮರಣದ ಪ್ರಮಾಣಪತ್ರ, ದಹನದ ಚೀಟಿಗಳ ಜೊತೆ ಡಬ್ಬಿಯನ್ನು ಎದೆಗವಚಿಕೊಂಡು ಅವಳು ಗಾಡಿ ಹತ್ತಿದಳು.

ಉಳಿದದ್ದು ಮಡಕೆಗೆ ಹೋಯಿತು. ಗೋಪಮ್ಮ ಆಟೊ ಕರೆದು ಮೌನಪ್ಪನ ಕಡೆ ತಿರುಗಿದಳು. "ಏನು ನೋಡಾಕತ್ತಿ? ಕೃಷ್ಣಾ ಹೊಳಿಗೆ ನಾ ಒಬ್ಬಾಕಿ ಹೆಂಗ ಹೋಗಲಿ? ಹತ್ತು."

ಎಷ್ಟೋ ಮಡಕೆ ತುಂಬಿಕೊಟ್ಟವನನ್ನು ಹೊಳೆಯತನಕ ಯಾರೂ ಕರೆದಿರಲಿಲ್ಲ. ಮೌನಪ್ಪ ಕೈತೊಳೆದು ಬಂದು ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಕ್ಕ ಪೋತ್ನಾಳದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಬಗೆಯನ್ನು ಗೋಪಮ್ಮ ದಾರಿಯುದ್ದಕ್ಕೂ ಹೇಳಿದಳು. ಮೌನಪ್ಪ ನಡುನಡುವೆ, "ಆಮ್ಯಾಲೆ?" ಎಂದು ಕೇಳುತ್ತಿದ್ದ.