ಹೊಸ ಗುಂಡಿಗೆಯ ತೂಕ

ಬೆಳಗಿನ ಆರು ಗಂಟೆ. ತಿಳವಳ್ಳಿಯ ದ್ಯಾಮಪ್ಪನವರ ಪಡಸಾಲೆಯಲ್ಲಿ ಆಶಾ ಕಾರ್ಯಕರ್ತೆ ಮಂಜವ್ವ ಒಂದು ಕಡಪಾ ಕಲ್ಲು ಹಾಸಿ, ಅದರ ಮೇಲೆ ತೂಕದ ಯಂತ್ರ ಇಡುತ್ತಾರೆ. ಸಾರಿಸಿದ ನೆಲದ ಮೇಲಿಟ್ಟರೆ ಅದು ಸುಳ್ಳು ಹೇಳುತ್ತದಂತೆ. "ಅಜ್ಜಾರ, ಇನ್ನೂ ಚಾ ಕುಡದಿಲ್ಲ ಹೌದಲ್ರಿ? ನಿಂದರ್ರಿ ಇದರ ಮ್ಯಾಲ."

ಬಾಣಂತಿ, ಲಸಿಕೆ ಎಲ್ಲ ಮಂಜವ್ವನಿಗೆ ನೀರು ಕುಡಿದಷ್ಟು ಸಲೀಸು. ಗುಂಡಿಗೆಯ ಕೆಲಸ ಮಾತ್ರ ಹೊಸದು. ಹುಬ್ಬಳ್ಳಿಯ ಆಸ್ಪತ್ರೆಯೊಂದು ಸೋತ ಗುಂಡಿಗೆಗೆ ಸ್ಟೆಮ್ ಸೆಲ್ ಎಂಬ ಕಾಂಡಕೋಶದ ಸೂಜಿ ಹಾಕಿ, ಹೊಸ ಮಾಂಸ ಚಿಗುರುತ್ತದೆಯೇ ಎಂದು ಪರೀಕ್ಷೆ ನಡೆಸಿದೆ. ಅರ್ಧ ಜನರಿಗೆ ಕೋಶ, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ದ್ಯಾಮಪ್ಪನವರೂ ಸೇರಿ ಊರಿನ ನಾಲ್ವರು ಅದರಲ್ಲಿದ್ದಾರೆ. ದಿನಾ ಅವರ ತೂಕ ನೋಡುವುದು ಮಂಜವ್ವನ ಪಾಲಿಗೆ ಬಂದಿದೆ.

"ಕೊಟ್ಟವರಿಗೇ ಗೊತ್ತಿಲ್ಲ ಅಂದ್ರ ಇದ್ಯಾತರ ಔಷಧರಿ? ಎರಡು ಸಲ ತರಬೇತಿಗೆ ಕುಂತೇನಿ. ಅರ್ಧ ತಿಳದೈತಿ, ಅರ್ಧ ತಿಳದಿಲ್ಲ" ಎನ್ನುತ್ತಾರೆ ಮಂಜವ್ವ.

ಹೋದ ತಿಂಗಳು ಮೂರೇ ದಿನದಲ್ಲಿ ದ್ಯಾಮಪ್ಪನವರ ತೂಕ ಎರಡೂವರೆ ಕಿಲೋ ಏರಿತು. ಹೆಂಡತಿ ಸರೋಜವ್ವ ಹಿಗ್ಗಿ ಹೀರೇಕಾಯಿಯಾದರು. "ಸೂಜಿ ಹತ್ತೇತಿ ನೋಡವ್ವ, ಮೈ ಹಿಡ್ಯಾಕತ್ತೇತಿ" ಎಂದು ಸಜ್ಜಕ ಮಾಡಿ ಬಡಿಸಿದರು. ದ್ಯಾಮಪ್ಪ ಇನ್ನೂ ಒಂದು ಹೆಜ್ಜೆ ಮುಂದೆ: "ಹೊಸಾ ಗುಂಡಿಗಿ ಬೆಳ್ಯಾಕತ್ತೇತಿ. ಅದಕ್ಕೂ ತೂಕ ಇರತೈತಲ್ಲ?"

ಮಂಜವ್ವನ ತಲೆ ಗಿರ್ರೆಂದಿತು. ಇದ್ದರೂ ಇರಬಹುದೇನೋ, ಯಾರಿಗೆ ಗೊತ್ತು! ಬಸಿರಿಯರ ತೂಕ ಏರಿದರೆ ಸಂತೋಷಪಡುತ್ತಲೇ ಹದಿನಾಲ್ಕು ವರ್ಷ ಕಳೆದ ಜೀವ ಅದು. ಆದರೆ ತರಬೇತಿಯಲ್ಲಿ ತಿಳಿದ ಅರ್ಧದಲ್ಲಿ ಒಂದು ಮಾತಿತ್ತು: ಗುಂಡಿಗೆ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದೆ. ಅಂಜುತ್ತಲೇ ಅಜ್ಜನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಬಿದ್ದಂತೆಯೇ ಉಳಿಯಿತು. "ಇದು ಮಾಂಸ ಅಲ್ರಿ, ನೀರು" ಎಂದರು. ಸರೋಜವ್ವ "ಅಪಶಕುನ ನುಡೀಬ್ಯಾಡ" ಎಂದು ಸಿಟ್ಟಾದರೂ ಮಂಜವ್ವ ಫೋನ್ ಮಾಡಿ ಅಜ್ಜನನ್ನು ಆಂಬುಲೆನ್ಸ್ ಹತ್ತಿಸಿದರು. ಶ್ವಾಸಕೋಶದಲ್ಲೂ ನೀರು ತುಂಬಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಇವತ್ತು ಮುಳ್ಳು ನಿನ್ನೆಯಂತೆಯೇ ಐವತ್ತೆಂಟು ಕಿಲೋಗೆ ನಿಲ್ಲುತ್ತದೆ. ಮಂಜವ್ವ ಕಣಕಾಲು ಒತ್ತಿ ನೋಡಿ, ವಹಿಯಲ್ಲಿ ಬರೆದುಕೊಳ್ಳುತ್ತಾರೆ. ದ್ಯಾಮಪ್ಪನವರದು ದಿನದ ಪ್ರಶ್ನೆ: "ನನಗ ಕೊಟ್ಟಿದ್ದು ಕೋಶಾನೋ, ನೀರೋ? ಖರೇ ಹೇಳವ್ವ."

"ನನಗೂ ಗೊತ್ತಿಲ್ರಿ. ಎರಡು ವರ್ಷ ಬಿಟ್ಟು ಹೇಳ್ತಾರಂತ. ಕೇಳಾಕ ಅವತ್ತು ನೀವು ಇರಬೇಕಲ್ರಿ? ಅದನ್ನ ನೋಡ್ಕೊಳ್ಳೋದಷ್ಟ ನನ್ನ ಕೆಲಸ."