ಎರಡು ಅಂಗೈಯ ಮನೆತನ

ಅವಳ ತವರಿನಲ್ಲಿ ಯಾರೂ ಲೋಟವನ್ನು ಒಂದೇ ಕೈಯಲ್ಲಿ ಎತ್ತುವುದಿಲ್ಲ. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಎತ್ತುವ ಹಾಗೆ ಎತ್ತುತ್ತಾರೆ. ಡ್ರಾಯರನ್ನು ಸೊಂಟದಿಂದ ದೂಡಿ ಮುಚ್ಚುತ್ತಾರೆ. ಬಾಗಿಲಿನ ಹಿಡಿಯನ್ನು ಮೊಣಕೈಯಿಂದ ಒತ್ತುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡ ಇದನ್ನೆಲ್ಲ ನೋಡಿ, “ನಿಮ್ಮ ಮನೇಲಿ ಬೆರಳುಗಳಿಗೆ ರಜಾನಾ?” ಎಂದು ಕೇಳಿದ್ದ. ಅವಳೂ ಅವಳ ಅಣ್ಣನೂ ಮುಖ ಮುಖ ನೋಡಿಕೊಂಡಿದ್ದರು. ಲೋಕದಲ್ಲಿ ಉಳಿದವರು ಬೇರೆ ಥರ ಮಾಡುತ್ತಾರೆ ಎಂಬುದೇ ಅವರ ತಲೆಗೆ ಹೊಳೆದಿರಲಿಲ್ಲ.

ಕಲಿಸಿದ್ದು ಅಮ್ಮ. ಕಲಿಸಿದಳು ಅನ್ನುವುದೂ ತಪ್ಪು. ಅಮ್ಮನ ಬೆರಳುಗಳು ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಒಂದೇ ಕಡೆ ವಾಲಿದ್ದವು. ಆ ಕಾಲದಲ್ಲಿ ಅದನ್ನು ‘ವಾಯು’ ಅನ್ನುತ್ತಿದ್ದರು. ವಾಯು ಅಂದಮೇಲೆ ಹಿಡಿದು ನಿಲ್ಲಿಸುವವರು ಯಾರು? “ನೋವಾಮ್ಮಾ?” ಎಂದು ಕೇಳಿದರೆ ಅಮ್ಮ “ಏನಿಲ್ಲ” ಅನ್ನುತ್ತಿದ್ದಳು. ಏನಿಲ್ಲವಾದ್ದರಿಂದ ಮಕ್ಕಳು ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ, ರೀತಿ ಅಂದುಕೊಂಡರು. ಅಕ್ಷರ ಕಲಿತ ಹಾಗೆ ಅಮ್ಮನ ನೋವಿನ ಉಪಾಯಗಳನ್ನೆಲ್ಲ, ನೋವೊಂದನ್ನು ಬಿಟ್ಟು, ಕಲಿತರು.

ಹೀಗಾಗಿ, ಅಮ್ಮ ಹೋಗಿ ಎಷ್ಟೋ ವರ್ಷಗಳ ಮೇಲೆ, ಅವಳ ಬೆರಳುಗಳೇ ಊದಿಕೊಳ್ಳತೊಡಗಿದಾಗ ಯಾರ ಗಮನಕ್ಕೂ ಬರಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿಯುವವಳು ಹಿಡಿಯುತ್ತಲೇ ಇದ್ದಳು. ಇದರಲ್ಲಿ ಹೊಸದೇನು?

ಬೀದಿಯ ಕೊನೆಯಲ್ಲಿ ಪರದೆ ಹೊಲಿಯುವ ಅಂಗಡಿಯಲ್ಲಿ ಅವಳ ಕೆಲಸ. ಎಲ್ಲರೂ ‘ಪರದೆ ಅಕ್ಕ’ ಅನ್ನುತ್ತಾರೆ. ಊರಿನ ಅರ್ಧ ಕಿಟಕಿಗಳ ಗುಟ್ಟು ಮುಚ್ಚಿದವಳು. ದಪ್ಪ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಗುರುತು ಹಾಕಿ, ಕತ್ತರಿಸಿ, ನೆರಿಗೆ ಹಿಡಿದು ಪಿನ್ನು ಚುಚ್ಚಬೇಕು. ಕಬ್ಬಿಣದ ಆ ಕತ್ತರಿ ಮೊದಲು ಅವಳ ಕೈಯಲ್ಲಿ ಮಾತಾಡುತ್ತಿತ್ತು, ಈಗ ಬೈಯುತ್ತದೆ. ಅದರ ಹಿಡಿಗೆ ಹಳೇ ಬನಿಯನ್ನಿನ ಚೂರು ಸುತ್ತಿದಳು. ಮಾಲೀಕ ನೋಡಿ, “ಏನಕ್ಕಾ, ಕತ್ತರಿಗೂ ಚಳೀನಾ?” ಅಂದ. “ಹೂಂ, ನಿಮ್ಮ ಅಂಗಡಿಯ ಫ್ಯಾನು ಹಾಗಿದೆ,” ಅಂದಳು. ನಗು ಮುಗಿಯಿತು, ಮಾತೂ ಮುಗಿಯಿತು. ಪಿನ್ನು ಬಿದ್ದರೆ ಮಾತ್ರ ಹೆಕ್ಕಲು ಆಗುತ್ತಿರಲಿಲ್ಲ. ಕಾಲಿನಿಂದ ಮೇಜಿನ ಕೆಳಕ್ಕೆ ಸರಿಸಿ ಸುಮ್ಮನಾಗುತ್ತಿದ್ದಳು.

ಬೆಳಗುಗಳು ಬೇರೆ ಥರ. ಕಣ್ಣು ಬಿಟ್ಟರೆ ಹೊದಿಕೆಯ ಮೇಲೆ ಒಂದು ಕೈ ಬಿದ್ದಿರುತ್ತಿತ್ತು. ಗೆಣ್ಣುಗಳು ಉಬ್ಬಿ, ಬೆರಳು ಅರೆ ಮಡಚಿ, ಯಾರೋ ಬಿಟ್ಟುಹೋದ ಕೈ. ಅದು ಅಮ್ಮನದು ಎಂದು ಗುರುತು ಹಿಡಿಯಲು ಅವಳಿಗೆ ಚಣ ಸಾಕು. ತನ್ನದು ಎಂದು ಒಪ್ಪಲು ಮಾತ್ರ ಬಿಸಿನೀರಿನ ಬೋಗುಣಿ ಬೇಕಾಗುತ್ತಿತ್ತು. ಅದರಲ್ಲಿ ಕೈ ಅದ್ದಿಕೊಂಡು ಕೂತರೆ ಒಂದೊಂದೇ ಬೆರಳು ಮನಸ್ಸಿಲ್ಲದ ಮನಸ್ಸಿನಿಂದ ಅವಳ ಪಕ್ಷಕ್ಕೆ ವಾಪಸು ಬರುತ್ತಿತ್ತು.

ಗಂಡ ಲಿಫ್ಟ್ ರಿಪೇರಿಯವನು. ಬೋಗುಣಿ ನೋಡಿ, “ಜಾಮ್ ಆಗಿದ್ರೆ ಹೇಳೇ, ಗ್ರೀಸ್ ತಂದಿದೀನಿ,” ಅಂದ.

“ಏನಿಲ್ಲ ರೀ.”

ಹೇಳಿದ್ದು ತಾನು, ಕೇಳಿಸಿದ್ದು ಅಮ್ಮನ ಗಂಟಲು. ಅವತ್ತೇ ಹೋಗಿ ಬೀದಿಯ ಡಾಕ್ಟರಿಗೆ ತೋರಿಸಿದಳು.

ಅವರು ರಕ್ತ ತೆಗೆಸಿದರು. ವರದಿ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. “ಸಂಧಿವಾತ ಇರಬಹುದು, ಕೀಲಿನ ಸ್ಪೆಷಲಿಸ್ಟ್ ನೋಡಿ ಹೇಳಬೇಕು,” ಎಂದು ಚೀಟಿ ಬರೆದುಕೊಟ್ಟರು. ಶಾಲೆಯಲ್ಲಿ ಲೋಪ, ಆಗಮ, ಆದೇಶ ಎಂದು ಸಂಧಿಗಳನ್ನೆಲ್ಲ ಉರುಹೊಡೆದಿದ್ದಳು. ಇದೊಂದನ್ನು ಟೀಚರು ಹೇಳಿರಲಿಲ್ಲ. ಸ್ಪೆಷಲಿಸ್ಟ್ ಸಿಗುವುದು ಮುಂದಿನ ತಿಂಗಳು ಎಂದಾಯಿತು.

ಅಣ್ಣನಿಗೆ ಫೋನು ಮಾಡಿ, ಲೋಟದಿಂದ ಹಿಡಿದು ಡಾಕ್ಟರ ಚೀಟಿಯವರೆಗೆ ಎಲ್ಲ ಹೇಳಿದಳು.

“ಅಯ್ಯೋ ಹುಚ್ಚಿ, ಲೋಟ ಎರಡು ಕೈಲಿ ಹಿಡಿದರೆ ಕಾಯಿಲೆನಾ? ನಾನೂ ಹಿಡಿಯಲ್ವಾ? ಅದು ನಮ್ಮನೆ ಸ್ಟೈಲು ಕಣೇ!”

“ನಿನಗೆ ನೋವಿದೆಯಾ ಅಣ್ಣಾ?”

“ಇಲ್ಲಪ್ಪ.”

“ನನಗಿದೆ.”

ಅಣ್ಣ ಹವಾಮಾನದ ವಿಷಯ ತೆಗೆದ.

ಫೋನು ಇಟ್ಟು ತಿರುಗಿದರೆ ಮಗಳು ಮೇಜಿನ ಹತ್ತಿರ ಕೂತು ಹಾಲು ಕುಡಿಯುತ್ತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಮಾತಿನಲ್ಲಿ ಮೆಣಸಿನಕಾಯಿ. ಲೋಟ ಎರಡು ಅಂಗೈಗಳ ನಡುವೆ ಇತ್ತು.

ನೂರು ಸಲ ನೋಡಿದ ದೃಶ್ಯ. ಈ ಸಲ ಅವಳು ಲೋಟವನ್ನು ಬಿಟ್ಟು ಕೈಗಳನ್ನು ನೋಡಿದಳು. ತನ್ನ ಕೈ ಹೇಗಾದರೂ ಹಾಳಾಗಲಿ, ಈ ಕೈಗಳಲ್ಲಿ ಇರುವುದು ಬರೀ ಅಭ್ಯಾಸವೋ, ಅಮ್ಮನ ವಾಯುವೋ?

“ಒಂದು ಕೈಲಿ ಹಿಡಿಯೇ.”

“ಯಾಕೆ, ಇನ್ನೊಂದನ್ನ ಯಾರಿಗೆ ಕೊಡ್ಲಿ?”

“ಎದುರು ಮಾತಾಡಬೇಡ. ಹಿಡಿ.”

ಹಿಡಿದಳು. ಅಷ್ಟೇ ವೇಗದಲ್ಲಿ ಮತ್ತೆ ಎರಡೂ ಕೈ ಹಾಕಿದಳು. ಯಾಕೆ? ಭಾರಕ್ಕಾ, ಬಿಸಿಗಾ, ರೂಢಿಗಾ? ಆಮೇಲಿನ ದಿನಗಳಲ್ಲಿ ಪರದೆ ಅಕ್ಕ ಮಗಳ ಹಿಂದೆ ಪತ್ತೇದಾರರ ಹಾಗೆ ಅಲೆದಳು. ಮಗಳು ತೆಗೆಯುತ್ತಾಳೋ ನೋಡಲು ಗಂಡನ ಕೈಯಿಂದ ಬಾಟಲಿಗಳ ಮುಚ್ಚಳ ಬಿಗಿಯಾಗಿ ತಿರುಗಿಸಿ ಇಡಿಸುವುದು, ಬಾಗಿಲ ಆಚೆ ನಿಂತು, ತೆರೆದಾಗ ಹಿಡಿಯ ಮೇಲಿರುವುದು ಬೆರಳೋ ಮೊಣಕೈಯೋ ಎಂದು ಕಾಯುವುದು. ಪ್ರತಿ ಸಲವೂ ಮೊಣಕೈ. ಪ್ರತಿ ಸಲವೂ ಆ ಬಾಗಿಲಿನಿಂದ ಬರುತ್ತಿದ್ದವಳು ಒಂದು ಚಣ ಅಮ್ಮನೇ ಆಗಿರುತ್ತಿದ್ದಳು.

ಸ್ಪೆಷಲಿಸ್ಟ್ ಹತ್ತಿರ ಹೋಗುವ ದಿನ ಬಂತು. ಮಗಳೂ ಜೊತೆಗೆ ಬಂದಳು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ ಕೇಳಿದರು.

“ಬೆಳಿಗ್ಗೆ ಕೈ ಬಿಗಿಯುತ್ತಾ?”

“ಸ್ವಲ್ಪ.”

“ಲೋಟ ಹಿಡಿಯೋಕೆ ಎರಡೂ ಕೈ ಬೇಕಾ?”

“ಹೌದು.”

“ಎಷ್ಟು ದಿನದಿಂದ?”

“ಹುಟ್ಟಿದಾಗಿನಿಂದ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಬಾಗಿಲು?” “ಮೊಣಕೈ. ಅದೂ ಚಿಕ್ಕಂದಿನಿಂದ.” ಅವರು ಅವಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. “ನೋವಾ?” “ಏನಿಲ್ಲ.” “ಇಲ್ಲಿ?” “ಅಷ್ಟೇನಿಲ್ಲ.” ಕೊನೆಗೆ ಅವರೇ ನಕ್ಕುಬಿಟ್ಟರು. “ನೀವು ಇಲ್ಲ ಅಂತೀರಿ, ಊತ ಇದೆ ಅನ್ನುತ್ತೆ. ನಾನು ಯಾರನ್ನಮ್ಮ ನಂಬಲಿ? ಇನ್ನೊಂದು ರಕ್ತ ಪರೀಕ್ಷೆ, ಎಕ್ಸ್‌ರೇ. ಅವು ಬಂದಮೇಲೆ ಹೇಳ್ತೀನಿ.” ಮತ್ತೆ ಕಾಯುವುದು.

ಹೊರಗಿನ ಉದ್ದನೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮಗಳನ್ನು ಕೇಳಬೇಕೆಂದು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಜಾರಿತು.

“ನಿನ್ನ ಕೈ ನೋಯುತ್ತೇನೇ?”

“ಏನಿಲ್ಲಮ್ಮ.”

ಅದೇ ಗಂಟಲು. ಮೂರನೇ ತಲೆಮಾರಿನಲ್ಲಿ ಅದಕ್ಕೆ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಲೋಟ ಹಿಡಿಯುವುದನ್ನು ಕಲಿತ ಹುಡುಗಿ ಇದನ್ನೂ ಕಲಿತಿದ್ದಾಳೆ. ಇನ್ನು ಇವಳ ‘ಏನಿಲ್ಲ’ವನ್ನು ನಂಬುವುದು ಹೇಗೆ?

“ನಮ್ಮಮ್ಮನೂ ಹಾಗೇ ಅಂತಿದ್ದಳು.”

“ನೀನೂ ಹಾಗೇ ಅಂತೀಯ. ಈಗ ಒಳಗೆ ಅಂದೆಯಲ್ಲ, ಮುಖ ನೋಡಿದ್ರೆ ಹಲ್ಲು ಕಿತ್ತವರ ಥರ ಇತ್ತು.” ಮಗಳು ನೆಲ ನೋಡಿದಳು. “ನೀನು ಹೇಳಮ್ಮ ಮೊದಲು. ನೋಯುತ್ತಾ?”

ಅವಳು ಬಾಯಿ ತೆರೆದಳು. ಅಮ್ಮನ ಮಾತು ಅಲ್ಲೇ ಸಿದ್ಧವಾಗಿ ನಿಂತಿತ್ತು. ಅದನ್ನು ನುಂಗಿದಳು.

“ನೋಯುತ್ತೆ.”

“ಎಲ್ಲಿ?”

“ಇಲ್ಲಿ.” ತೋರುಬೆರಳಿನ ಬುಡ. “ಇಲ್ಲಿ. ಬೆಳಿಗ್ಗೆ ಇಲ್ಲೂ. ಕತ್ತರಿ ಹಿಡಿದಾಗ ಕಣ್ಣಲ್ಲಿ ನೀರು ಬರುತ್ತೆ. ಮಾಲೀಕರು ಬಟ್ಟೆ ಧೂಳು ಅಂದ್ಕೊಂಡಿದಾರೆ.”

ಮಗಳು ತನ್ನ ಕೈಯನ್ನು ಅವಳ ಕೈಯ ಪಕ್ಕ ತೊಡೆಯ ಮೇಲೆ ಹರಡಿದಳು. ಅವಳು ತೋರಿಸಿದ ಒಂದೊಂದು ಜಾಗವನ್ನೂ ತನ್ನಲ್ಲಿ ಹುಡುಕಿ ಒತ್ತಿ ನೋಡಿದಳು, ಕಳೆದುಹೋದ ಸಾಮಾನು ಹುಡುಕುವವಳ ಹಾಗೆ. “ಇಲ್ಲಿಲ್ಲ. ಇಲ್ಲೂ ಇಲ್ಲ. ನಿಜವಾಗ್ಲೂ ಇಲ್ಲ.” ಮಣಿಕಟ್ಟಿನ ಹತ್ತಿರ ಅವಳ ಬೆರಳು ನಿಂತಿತು. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

“ಇಲ್ಲಿ... ಗೊತ್ತಾಗ್ತಿಲ್ಲಮ್ಮ.”

ಆ ಮನೆತನದಲ್ಲಿ ಯಾರೂ ಆಡದ ಮಾತು. ಆ ಮಾತನ್ನು ಪರದೆ ಅಕ್ಕ ಪೂರ್ತಿ ನಂಬಿದಳು. ಎದ್ದು, ಮಗಳ ಮಣಿಕಟ್ಟನ್ನು ಊದಿದ ಬೆರಳುಗಳಿಂದಲೇ ಮೆಲ್ಲಗೆ ಹಿಡಿದು, ಡಾಕ್ಟರ ಬಾಗಿಲ ಮುಂದಿನ ಸಾಲಿನ ಕೊನೆಯಲ್ಲಿ ಮತ್ತೆ ಹೋಗಿ ನಿಂತಳು.